ಪ್ರಾಂಶುಪಾಲರಿಗೂ ಒಂದೇ ಓಟು

(ದೇವತಾಶಾಸ್ತ್ರ ಬೋಧಕರು ಮತ್ತು ಸಭಾಪಾಲಕರು, ಅಂದರೆ ಪಾಸ್ಟರುಗಳು, ಸೇರಿದ್ದ ಕೂಟದಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟೂ ಹಾಗೆಯೇ ಉಳಿಸಿಕೊಂಡಿದ್ದೇನೆ.)

1679ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್ ನಗರದಲ್ಲಿ ಎಡ್ವರ್ಡ್ ಟೆರಿಲ್ ಎಂಬ ಸಭಾಹಿರಿಯರು ಒಂದು ದಾನಪತ್ರ ಬರೆಸಿದರು. ತಮ್ಮ ಆಸ್ತಿಯ ದೊಡ್ಡ ಪಾಲನ್ನು ಬ್ರಾಡ್‌ಮೀಡ್ ಸಭೆಗೆ (ಚರ್ಚಿಗೆ) ಬಿಟ್ಟುಕೊಟ್ಟು, ಜೊತೆಗೆ ಕೆಲವು ಷರತ್ತು ಹಾಕಿದರು. ಈ ಹಣದಿಂದ ಜೀವನ ನಡೆಸುವ ಸಭಾಪಾಲಕನಿಗೆ ಗ್ರೀಕ್, ಹೀಬ್ರೂ ಚೆನ್ನಾಗಿ ಬರಬೇಕು. ವಾರದಲ್ಲಿ ಮೂರು ಮಧ್ಯಾಹ್ನ ಅವನು, ಸಭೆಗಳು ಕಳಿಸಿಕೊಟ್ಟ ಯುವಕರಿಗೆ ಪಾಠ ಹೇಳಬೇಕು. ಆ ಯುವಕರು ಹನ್ನೆರಡು ಮಂದಿ ಮೀರಬಾರದು. ಬ್ರಿಸ್ಟಲ್ ಬ್ಯಾಪ್ಟಿಸ್ಟ್ ಕಾಲೇಜು ತನ್ನ ವಯಸ್ಸನ್ನು ಲೆಕ್ಕ ಹಾಕುವುದು ಈ ಕಾಗದದಿಂದಲೇ.

ನನಗೆ ಈ ದಾನಪತ್ರದಲ್ಲಿ ಇಷ್ಟವಾಗುವುದು ಅದರ ಔದಾರ್ಯಕ್ಕಿಂತ ಅದರ ಮಿತಿ. ಮೂರು ಮಧ್ಯಾಹ್ನ, ಹನ್ನೆರಡು ಮಂದಿ. ಉಳಿದ ಸಮಯವೆಲ್ಲ ಸಭೆಯದು. ಇನ್ನೊಂದು ವಿಷಯವನ್ನೂ ಗಮನಿಸಿ: ಪಾಠ ಹೇಳುವವನೂ ಸಭೆ ಕಾಯುವವನೂ ಇಲ್ಲಿ ಒಬ್ಬನೇ, ಆದರೆ ಪ್ರಾಂಶುಪಾಲ ಎನ್ನುವವನು ಎಲ್ಲೂ ಇಲ್ಲ. ಕಟ್ಟಡವಿಲ್ಲ, ರಿಜಿಸ್ಟ್ರಾರ್ ಇಲ್ಲ, ಆಡಳಿತ ಮಂಡಳಿಯ ಮೀಟಿಂಗ್ ಇಲ್ಲ. ನಾನು ಇವತ್ತು ಹೇಳಬೇಕೆಂದಿರುವುದು ಹೆಚ್ಚುಕಡಿಮೆ ಇದನ್ನೇ. ಪಾಠ, ಸಭಾಪಾಲನೆ, ಆಡಳಿತ ಎಂಬ ಮೂರು ಕೆಲಸಗಳಲ್ಲಿ ಮೊದಲೆರಡು ಹುಟ್ಟಿನಿಂದಲೇ ಅಣ್ಣತಮ್ಮಂದಿರು. ಮೂರನೆಯದು ಆಮೇಲೆ ಬಂದು ಮನೆ ಸೇರಿಕೊಂಡದ್ದು, ತಕರಾರು ಶುರುವಾಗುವುದೂ ಅದರಿಂದಲೇ.

ಅಣ್ಣತಮ್ಮಂದಿರಾಗಿದ್ದು ಬರೀ ಭಕ್ತಿಯಿಂದಲ್ಲ, ಬೇರೆ ದಾರಿ ಇರಲಿಲ್ಲ. ಆ ಕಾಲದಲ್ಲಿ ಇಂಗ್ಲೆಂಡಿನ ರಾಜಮಾನ್ಯ ಸಭೆಯ ವಿಶ್ವಾಸಪ್ರಮಾಣಕ್ಕೆ ಸಹಿ ಹಾಕದವರನ್ನು ಆಕ್ಸ್‌ಫರ್ಡ್ ಸೇರಿಸಿಕೊಳ್ಳುತ್ತಿರಲಿಲ್ಲ. ಕೇಂಬ್ರಿಜ್‌ನಲ್ಲಿ ಓದಬಹುದಿತ್ತು, ಪದವಿ ಸಿಗುತ್ತಿರಲಿಲ್ಲ. ಈ ಕಟ್ಟು ಸಡಿಲವಾದದ್ದು 1850ರ ದಶಕದಲ್ಲಿ, ಬಹುಮಟ್ಟಿಗೆ ತೊಲಗಿದ್ದು 1871ರಲ್ಲಿ. ಅಲ್ಲಿಯವರೆಗೆ ಬ್ಯಾಪ್ಟಿಸ್ಟ್ ಯುವಕನೊಬ್ಬ ಶಾಸ್ತ್ರ ಓದಬೇಕೆಂದರೆ, ಓದು ಬಲ್ಲ ಸಭಾಪಾಲಕರ ಮನೆ ಬಾಗಿಲು ತಟ್ಟಬೇಕಿತ್ತು. ಗುರುವಿನ ಮನೆಯಲ್ಲೇ ಊಟ, ಅಲ್ಲೇ ಪಾಠ, ಭಾನುವಾರ ಗುರುವಿನದೇ ಪ್ರಸಂಗ (ಧರ್ಮೋಪದೇಶ). ಅಂದರೆ ವಿದ್ಯಾರ್ಥಿ ಗುರುವನ್ನು ತರಗತಿಯಲ್ಲಿ ಮಾತ್ರವಲ್ಲ, ಸಾವಿನ ಮನೆಯಲ್ಲೂ ನೋಡುತ್ತಿದ್ದ.

ಬ್ಯಾಪ್ಟಿಸ್ಟ್ ಅಲ್ಲದವರೂ ಇಲ್ಲಿ ಕೂತಿದ್ದೀರಿ, ಅದಕ್ಕೆ ಎರಡು ಮಾತು. 1609ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ನೆಲೆಸಿದ್ದ ಇಂಗ್ಲಿಷ್ ನಿರಾಶ್ರಿತರ ಒಂದು ಗುಂಪಿನಿಂದ ನಮ್ಮ ಕಥೆ ಶುರುವಾಗುತ್ತದೆ. ನಂಬಿ, ತಾನೇ ಬಾಯಿಬಿಟ್ಟು ಕೇಳಿಕೊಂಡವರಿಗೆ ಮಾತ್ರ ದೀಕ್ಷಾಸ್ನಾನ. ಸಭೆಯ ಮೇಲೆ ಬಿಷಪರಿಲ್ಲ. ಸಭಾಪಾಲಕರನ್ನು ಕರೆಯುವುದು, ಸದಸ್ಯರನ್ನು ಸೇರಿಸಿಕೊಳ್ಳುವುದು, ಹಣ ಖರ್ಚು ಮಾಡುವುದು, ಎಲ್ಲವೂ ಸಭಾಕೂಟದಲ್ಲಿ ತೀರ್ಮಾನವಾಗಬೇಕು. ‘ಇಬ್ಬರು ಮೂವರು ನನ್ನ ಹೆಸರಿನಲ್ಲಿ ಎಲ್ಲಿ ಕೂಡಿಬಂದಿರುತ್ತಾರೋ’ ಎಂಬ ಕರ್ತನ ಮಾತನ್ನು ನಾವು ಆಡಳಿತದ ನಿಯಮವನ್ನಾಗಿಯೇ ತೆಗೆದುಕೊಂಡುಬಿಟ್ಟವರು. ಆ ಕೂಟದಲ್ಲಿ ಸಭಾಪಾಲಕರಿಗೂ ಒಂದೇ ಓಟು, ಮೂಲೆಯಲ್ಲಿ ಕೂತ ಅಜ್ಜಿಗೂ ಒಂದೇ ಓಟು. ಅದು ಪುಸ್ತಕದಲ್ಲಿರುವ ಮಾತು. ನಡೆಯುವುದು ಯಾವಾಗಲೂ ಹಾಗಲ್ಲ. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಪಾಠ ಮತ್ತು ಸಭಾಪಾಲನೆಯ ಜೋಡಿ. ಜಾನ್ ಗಿಲ್ ಲಂಡನ್ನಿನ ಸೌತ್‌ವಾರ್ಕ್ ಕಡೆಯ ಒಂದೇ ಸಭೆಯಲ್ಲಿ 50 ವರ್ಷಕ್ಕೂ ಹೆಚ್ಚು ಕಾಲ, 1771ರಲ್ಲಿ ತೀರಿಕೊಳ್ಳುವವರೆಗೂ, ಸಭಾಪಾಲಕರಾಗಿದ್ದರು. ಯಾವ ವಿಶ್ವವಿದ್ಯಾಲಯದ ಮೆಟ್ಟಿಲನ್ನೂ ಹತ್ತಿದವರಲ್ಲ. ಆದರೂ ಬೈಬಲಿನ ಆದಿಯಿಂದ ಅಂತ್ಯದವರೆಗೆ ವಚನ ವಚನಕ್ಕೂ ವ್ಯಾಖ್ಯಾನ ಬರೆದರು. 1748ರಲ್ಲಿ ಅಬರ್ಡೀನ್ ವಿಶ್ವವಿದ್ಯಾಲಯ ಅವರಿಗೆ ಡಿ.ಡಿ. (ದೇವತಾಶಾಸ್ತ್ರದ ಡಾಕ್ಟರೇಟ್) ಪದವಿ ಕೊಟ್ಟಿತು. ಅವರ ಪುಸ್ತಕಗಳನ್ನು ಓದುವುದು ಸುಲಭವಲ್ಲ ಅಂತ ಒಪ್ಪಿಕೊಳ್ಳೋಣ. ಮುಂದಿನ ತಲೆಮಾರಿನ ರಾಬರ್ಟ್ ಹಾಲ್ ಅವನ್ನು ‘ಕೆಸರಿನ ಒಂದು ಖಂಡ’ ಎಂದು ತಮಾಷೆ ಮಾಡಿದ್ದರು. ಆದರೆ ಆ ಕೆಸರು ಪ್ರಸಂಗಪೀಠದಿಂದ ಹರಿದು ಬಂದದ್ದು, ಗ್ರಂಥಾಲಯದಿಂದಲ್ಲ.

ನನಗೆ ಇದಕ್ಕಿಂತ ಹತ್ತಿರದವರು ವಾಲ್ಟರ್ ರೌಶೆನ್‌ಬುಶ್. 1886ರಿಂದ 1897ರವರೆಗೆ ಅವರು ನ್ಯೂಯಾರ್ಕಿನ ಬಡಜನರ ಕೇರಿಯೊಂದರಲ್ಲಿ ಜರ್ಮನ್ ಬ್ಯಾಪ್ಟಿಸ್ಟ್ ಸಭೆಯ ಸಭಾಪಾಲಕರಾಗಿದ್ದರು. ಕಿವಿ ಮಂದವಾಗುತ್ತಾ ಹೋಯಿತು, ಕೊನೆಗೆ ರಾಚೆಸ್ಟರ್‌ನ ಸೆಮಿನರಿಗೆ, ಅಂದರೆ ಸಭಾಪಾಲಕರನ್ನು ತಯಾರು ಮಾಡುವ ಕಾಲೇಜಿಗೆ, ಬೋಧಕರಾಗಿ ಹೋದರು. 1907ರಲ್ಲಿ ಕ್ರೈಸ್ತಧರ್ಮ ಮತ್ತು ಸಾಮಾಜಿಕ ಬಿಕ್ಕಟ್ಟಿನ ಬಗ್ಗೆ ಅವರು ಬರೆದ ಪುಸ್ತಕ ದೊಡ್ಡ ಸದ್ದು ಮಾಡಿತು. ಆ ಪುಸ್ತಕದ ಬೇರು ಎಲ್ಲಿತ್ತು ಗೊತ್ತೆ? ಆ ಕೇರಿಯಲ್ಲಿ ತಾನು ನಡೆಸಿದ ಚಿಕ್ಕ ಮಕ್ಕಳ ಶವಸಂಸ್ಕಾರಗಳು ತನ್ನ ಎದೆಯನ್ನು ಹಿಡಿದುಬಿಟ್ಟವು ಎಂದು ಅವರೇ ಹೇಳಿಕೊಂಡಿದ್ದಾರೆ. ಪಾಪ ಎಂದರೆ ಒಬ್ಬೊಬ್ಬನ ಎದೆಯೊಳಗಿನ ಕೊಳೆ ಮಾತ್ರ ಎಂದು ಕಲಿತು ಬಂದವರು, ಗಾಳಿಬೆಳಕಿಲ್ಲದ ಮನೆಗೂ ಕೂಲಿ ಕೊಡದ ಧಣಿಗೂ ಆ ಹೆಸರು ಸಲ್ಲುತ್ತದೆ ಎನ್ನುವಲ್ಲಿಗೆ ಬಂದರು. ಅವರ ದೇವತಾಶಾಸ್ತ್ರದ ಎಲ್ಲವನ್ನೂ ನಾನು ಒಪ್ಪುವುದಿಲ್ಲ. ಆದರೆ ಅವರ ಪ್ರಶ್ನೆ ತರಗತಿಯಲ್ಲಿ ಹುಟ್ಟಿದ್ದಲ್ಲ ಅನ್ನುವುದನ್ನು ಮಾತ್ರ ಗಟ್ಟಿಯಾಗಿ ಹಿಡಿದುಕೊಂಡಿದ್ದೇನೆ.

ಪಾಠ ಮಾಡುವವನಿಗೆ ಸಭೆ ಏಕೆ ಬೇಕು ಎಂದು ನನ್ನನ್ನು ಕೇಳಿದರೆ ಇದನ್ನೇ ಹೇಳುತ್ತೇನೆ. ಪುನರುತ್ಥಾನದ ಬಗ್ಗೆ ಮೂರು ಬಗೆಯ ವ್ಯಾಖ್ಯಾನಗಳನ್ನು ಬೋರ್ಡಿನ ಮೇಲೆ ಬರೆದು, ‘ಇವುಗಳ ಸಾಧಕಬಾಧಕಗಳನ್ನು ವಿವರಿಸಿ, 15 ಅಂಕ’ ಎಂದು ಪ್ರಶ್ನೆಪತ್ರಿಕೆಗೆ ಹಾಕಬಹುದು. ಆದರೆ ಶನಿವಾರ ಮಗನನ್ನು ಮಣ್ಣು ಮಾಡಿದ ತಾಯಿ ಭಾನುವಾರ ಎರಡನೇ ಸಾಲಿನಲ್ಲಿ ಬಂದು ಕೂತಿರುತ್ತಾಳೆ. ಅವಳ ಮುಂದೆ ಆ ಮೂರರಲ್ಲಿ ಯಾವುದು ನಿಲ್ಲುತ್ತದೆ, ಯಾವುದು ಬಾಯಿಗೇ ಬರುವುದಿಲ್ಲ ಎನ್ನುವುದು ಬೋಧಕನಿಗೆ ತಿಳಿದಿರಬೇಕು. ಹಾಗೆಂದು ಬೋಧನೆಯನ್ನು ಸಮಾಧಾನದ ಮಾತಿಗೆ ಇಳಿಸಬೇಕು ಎನ್ನುತ್ತಿಲ್ಲ. ಆ ತಾಯಿಗೆ ಸುಳ್ಳು ಸಮಾಧಾನ ಹೇಳದಂತೆ ಸಭಾಪಾಲಕನ ಕೈ ಹಿಡಿಯುವುದೂ ಅದೇ ಗ್ರೀಕ್ ವ್ಯಾಕರಣ.

ಇದೇ ಜೋಡಿಯ ಇನ್ನೊಂದು ಚಿತ್ರ ಅಮೆರಿಕದ ದಕ್ಷಿಣದಲ್ಲಿದೆ. 1859ರಲ್ಲಿ ಗ್ರೀನ್‌ವಿಲ್‌ನಲ್ಲಿ ಶುರುವಾದ ಸದರ್ನ್ ಬ್ಯಾಪ್ಟಿಸ್ಟ್ ಸೆಮಿನರಿ ಅಂತರ್ಯುದ್ಧದಲ್ಲಿ ಮುಚ್ಚಿಹೋಗಿ, 1865ರಲ್ಲಿ ಮತ್ತೆ ತೆರೆದಾಗ ಬಂದವರು ಏಳೇ ವಿದ್ಯಾರ್ಥಿಗಳು. ಪ್ರಸಂಗಕಲೆಯ ತರಗತಿಗೆ ಒಬ್ಬನೇ, ಅವನಿಗೂ ಕಣ್ಣು ಕಾಣುತ್ತಿರಲಿಲ್ಲ. ಜಾನ್ ಬ್ರಾಡಸ್ ತರಗತಿ ರದ್ದು ಮಾಡಲಿಲ್ಲ. ಅವನು ಪುಸ್ತಕ ಓದಲಾರನಲ್ಲ, ಅದಕ್ಕೆ ಪ್ರತಿಯೊಂದನ್ನೂ ಬಾಯಲ್ಲಿ ವಿವರಿಸಿ, ಉಪನ್ಯಾಸಗಳನ್ನು ಪೂರ್ತಿ ಸಿದ್ಧಪಡಿಸಿಕೊಂಡು ಬಂದರು. ಆ ಟಿಪ್ಪಣಿಗಳೇ 1870ರಲ್ಲಿ ಪುಸ್ತಕವಾಗಿ, ತಲೆಮಾರುಗಳ ಕಾಲ ಪಠ್ಯವಾಯಿತು. ಒಬ್ಬ ವಿದ್ಯಾರ್ಥಿಗೆ ಕಾಲೇಜು ನಡೆಸುವುದು ಯಾವ ಬಜೆಟ್ಟಿಗೂ ಹೊಂದುವ ಲೆಕ್ಕವಲ್ಲ. ಸಭಾಪಾಲಕನ ಲೆಕ್ಕ ಅದು.

ಅದೇ ಸೆಮಿನರಿಯಲ್ಲೇ ಮೂರನೇ ಕೆಲಸದ ಹಸಿವನ್ನೂ ನೋಡಬಹುದು. ಸ್ಥಾಪಕರಾದ ಜೇಮ್ಸ್ ಬಾಯ್ಸ್ ದೇವತಾಶಾಸ್ತ್ರದ ಬೋಧಕರು. ಆದರೆ ಸೆಮಿನರಿಗೆ ಹೊಸ ನೆಲೆ ಹುಡುಕಲು, ದುಡ್ಡು ಕೂಡಿಸಲು ಅವರು 1872ರಲ್ಲಿ ಕೆಂಟಕಿಗೆ ಹೋದರು. ಸೆಮಿನರಿ ಲೂಯಿವಿಲ್‌ಗೆ ಬಂದು ಸೇರಿದ್ದು 1877ರಲ್ಲಿ. ಆ ವರ್ಷಗಳಲ್ಲಿ ಅವರ ಪಾಠಗಳನ್ನು ಸಹೋದ್ಯೋಗಿಗಳು ಹೊತ್ತರು. ಅವರ ದೇವತಾಶಾಸ್ತ್ರ ಗ್ರಂಥ ಹೊರಬಂದಿದ್ದು 1887ರಲ್ಲಿ, ತೀರಿಕೊಂಡದ್ದು ಮರುವರ್ಷ. ಆಡಳಿತ ತೆಗೆದುಕೊಳ್ಳುವುದು ನಮ್ಮ ಸಮಯವನ್ನು ಮಾತ್ರ ಅಂತ ನಾವು ತಿಳಿದಿರುತ್ತೇವೆ. ಅದು ಗಮನವನ್ನೂ ತೆಗೆದುಕೊಳ್ಳುತ್ತದೆ. ಪ್ರಸಂಗ ತಯಾರು ಮಾಡಲು ಕೂತವನ ತಲೆಯಲ್ಲಿ ಹಾಸ್ಟೆಲ್ಲಿನ ನೀರಿನ ಟ್ಯಾಂಕು ಸುತ್ತುತ್ತಿರುತ್ತದೆ.

ಈಗ ಆ ಓಟಿನ ಮಾತು. ಆ ಸೆಮಿನರಿಯ ನಾಲ್ವರು ಸ್ಥಾಪಕ ಬೋಧಕರ ಬಳಿ ಒಟ್ಟು 50ಕ್ಕೂ ಹೆಚ್ಚು ಗುಲಾಮರಿದ್ದರು ಎಂದು ಸೆಮಿನರಿಯೇ 2018ರಲ್ಲಿ ಪ್ರಕಟಿಸಿದ ವರದಿ ಹೇಳಿತು. ಅವರೆಲ್ಲ ಒಳ್ಳೆಯ ಬೋಧಕರು, ಪ್ರಸಂಗಿಗಳು. ಅವರ ಸಭೆಗಳೂ ಬ್ಯಾಪ್ಟಿಸ್ಟ್ ಸಭೆಗಳೇ. ಅಲ್ಲಿನ ಅನೇಕ ಸಭೆಗಳಲ್ಲಿ ಗುಲಾಮರು ಸದಸ್ಯರಾಗಿದ್ದರು, ದೀಕ್ಷಾಸ್ನಾನವಾಗಿತ್ತು, ಕರ್ತನ ಭೋಜನದಲ್ಲಿ ಪಾಲಿತ್ತು. ಸಭೆಯ ಆಡಳಿತದಲ್ಲಿ ಮಾತ್ರ ಬಾಯಿರಲಿಲ್ಲ. ಹೆಂಗಸರಿಗೂ ಎಷ್ಟೋ ಕಡೆ ಅದೇ ಗತಿ. ಹಾಗಾಗಿ ‘ನಮ್ಮಲ್ಲಿ ಸಭಾಕೂಟ ಇದೆ, ಬೋಧಕರು ದಾರಿ ತಪ್ಪಿದರೆ ಅದು ತಿದ್ದುತ್ತದೆ’ ಎಂದು ನಾವು ಎದೆ ತಟ್ಟಿಕೊಳ್ಳುವ ಮೊದಲು, ಆ ಕೂಟದಲ್ಲಿ ಯಾರ ಕೈ ಮೇಲೇಳಬಹುದು, ಯಾರ ಕೈ ಏಳುವಂತಿಲ್ಲ ಎಂದು ನೋಡಬೇಕು. ಕೂಟದಿಂದ ಹೊರಗಿಟ್ಟವರ ಬಗ್ಗೆ ಕೂಟ ತಿದ್ದಲಾರದು.

ಮೂರನ್ನೂ ಒಟ್ಟಿಗೆ ಹೊತ್ತವರಲ್ಲಿ ಎಲ್ಲರಿಗೂ ನೆನಪಾಗುವ ಹೆಸರು ಚಾರ್ಲ್ಸ್ ಸ್ಪರ್ಜನ್. ಅವರ ಕಥೆ ಒಂದು ಬಾಗಿಲಿನ ಎಡವಟ್ಟಿನಿಂದ ಶುರುವಾಗುತ್ತದೆ. 1852ರಲ್ಲಿ, ಹದಿನೇಳರ ಹುಡುಗ, ಹಳ್ಳಿಯ ಸಭೆಯೊಂದರ ಸಭಾಪಾಲಕ. ಕಾಲೇಜು ಸೇರಿಸಬೇಕೆಂದು ಹಿರಿಯರು, ಸ್ಟೆಪ್ನಿ ಕಾಲೇಜಿನ ಮುಖ್ಯಸ್ಥ ಜೋಸೆಫ್ ಆಂಗಸ್ ಅವರನ್ನು ಕೇಂಬ್ರಿಜ್‌ನ ಮನೆಯೊಂದರಲ್ಲಿ ಭೇಟಿ ಮಾಡಿಸಲು ಏರ್ಪಾಡು ಮಾಡಿದರು. ಹುಡುಗ ಬಂದ, ಕೆಲಸದಾಕೆ ಒಂದು ಕೋಣೆಯಲ್ಲಿ ಕೂರಿಸಿದಳು. ಆಂಗಸ್ ಬಂದರು, ಇನ್ನೊಂದು ಕೋಣೆಯಲ್ಲಿ ಕೂರಿಸಿದಳು. ಇಬ್ಬರೂ ಒಬ್ಬರಿಗೊಬ್ಬರು ಕಾದು ಕಾದು, ಕೊನೆಗೆ ಆಂಗಸ್ ರೈಲು ಹಿಡಿದು ಹೋದರು. ಸ್ಪರ್ಜನ್ ಯಾವ ಕಾಲೇಜನ್ನೂ ಸೇರಲೇ ಇಲ್ಲ. ನಾಲ್ಕು ವರ್ಷದಲ್ಲಿ ತಾವೇ ಕಾಲೇಜು ಶುರು ಮಾಡಿದರು.

ಲಂಡನ್ನಿನ ಆ ಪಾಸ್ಟರ್ಸ್ ಕಾಲೇಜಿನ ಶುರುವಿನ ಖರ್ಚು ಬಹುಪಾಲು ಅವರ ಜೇಬಿನಿಂದ, ಅಂದರೆ ಅಚ್ಚಾದ ಪ್ರಸಂಗಗಳ ಮಾರಾಟದಿಂದ. ಗುಲಾಮಗಿರಿಯನ್ನು ಅವರು ಕಟುವಾಗಿ ಖಂಡಿಸಿದಾಗ ಅಮೆರಿಕದ ದಕ್ಷಿಣದಲ್ಲಿ ಪುಸ್ತಕಗಳ ಮಾರಾಟ ಬಿದ್ದುಹೋಯಿತು, ಕಾಲೇಜಿನ ಹಣಕ್ಕೂ ಏಟು ಬಿತ್ತು. ಆದರೂ ಮಾತು ಹಿಂತೆಗೆದುಕೊಳ್ಳಲಿಲ್ಲ. ದಿನನಿತ್ಯದ ಪಾಠಕ್ಕೆ ಅವರು ಆರಿಸಿಕೊಂಡ ಮೊದಲ ಪ್ರಾಂಶುಪಾಲ ಜಾರ್ಜ್ ರಾಜರ್ಸ್ ಬ್ಯಾಪ್ಟಿಸ್ಟರೇ ಅಲ್ಲ, ಶಿಶುಗಳಿಗೆ ದೀಕ್ಷಾಸ್ನಾನ ಕೊಡುವ ಕಾಂಗ್ರಿಗೇಷನಲ್ ಪಂಗಡದವರು. ನಮ್ಮ ನೇಮಕಾತಿ ಸಮಿತಿಗಳು ಈ ವಿಷಯವನ್ನು ಒಮ್ಮೆ ಓದಿಕೊಳ್ಳಬೇಕು. ಸ್ಪರ್ಜನ್ ತಮಗಾಗಿ ಇಟ್ಟುಕೊಂಡದ್ದು ಶುಕ್ರವಾರ ಮಧ್ಯಾಹ್ನದ ಒಂದು ಉಪನ್ಯಾಸ. ವಾರವಿಡೀ ಪಾಠ ಕೇಳಿ ದಣಿದ ಹುಡುಗರಿಗೆ ನಗೆ, ಗದರಿಕೆ, ದನಿಯನ್ನು ಹೇಗೆ ಕಾಪಾಡಿಕೊಳ್ಳಬೇಕು, ಬೀದಿಯಲ್ಲಿ ಹೇಗೆ ಮಾತಾಡಬೇಕು, ಇಂಥವು. ಇಲ್ಲಿಯವರೆಗೆ ಎಲ್ಲ ಚೆನ್ನ.

ಮೂರೂ ಅಧಿಕಾರ ಒಬ್ಬರಲ್ಲೇ ಕೂಡಿದಾಗ ಏನಾಗುತ್ತದೆ ಎಂದು ತಿಳಿದದ್ದು 1887ರಲ್ಲಿ. ಬ್ಯಾಪ್ಟಿಸ್ಟ್ ಸಭೆಗಳ ಒಕ್ಕೂಟವಾದ ಬ್ಯಾಪ್ಟಿಸ್ಟ್ ಯೂನಿಯನ್ನಿನಲ್ಲಿ ಬೋಧನೆ ಹಾದಿ ತಪ್ಪುತ್ತಿದೆ ಎಂದು ಸ್ಪರ್ಜನ್ ಅದನ್ನು ಬಿಟ್ಟು ಹೊರಬಂದರು. ಮರುವರ್ಷ ಅವರ ಕಾಲೇಜಿನ ಹಳೆಯ ವಿದ್ಯಾರ್ಥಿಗಳ ಸಮ್ಮೇಳನವೂ ಒಡೆಯಿತು. ವಿಶ್ವಾಸದ ಹೇಳಿಕೆಯೊಂದನ್ನು ಒಪ್ಪಿದವರನ್ನಷ್ಟೇ ಇಟ್ಟುಕೊಂಡು ಹೊಸದಾಗಿ ಕಟ್ಟಬೇಕಾಯಿತು. ಸಿದ್ಧಾಂತದಲ್ಲಿ ಯಾರು ಸರಿ ಎಂಬ ಚರ್ಚೆ ಇವತ್ತು ಬೇಡ, ಅದಕ್ಕಿಳಿದರೆ ರಾತ್ರಿ ಊಟಕ್ಕೂ ಏಳುವುದಿಲ್ಲ ನಾವು. ನಾನು ನೋಡುವುದು ಆ ಹಳೆಯ ವಿದ್ಯಾರ್ಥಿಯ ಸ್ಥಿತಿಯನ್ನು. ಅವನಿಗೆ ಪಾಠ ಕಲಿಸಿದವರು, ಫೀಸು ಕಟ್ಟಿದವರು, ಆತ್ಮಕ್ಕೆ ತಂದೆಯಂತಿದ್ದವರು, ಎಲ್ಲ ಒಬ್ಬರೇ. ಅವರೊಡನೆ ಒಂದು ವಿಷಯದಲ್ಲಿ ಭಿನ್ನಾಭಿಪ್ರಾಯ ಬಂದರೆ ಅವನು ಮೂರನ್ನೂ ಒಟ್ಟಿಗೆ ಕಳೆದುಕೊಳ್ಳಬೇಕು.

ಇದು ದೊಡ್ಡವರ ಕಥೆ ಮಾತ್ರವಲ್ಲ. ನಮ್ಮ ಕೋಣೆಗಳಲ್ಲೂ ನಡೆಯುತ್ತದೆ. ಕೊನೆಯ ವರ್ಷದ ಹುಡುಗನೊಬ್ಬ ಸಂಜೆ ಆಫೀಸಿಗೆ ಬಂದು, ಬಾಗಿಲು ಅರ್ಧ ಮುಚ್ಚಿ, ಹೇಳುತ್ತಾನೆ: “ಸರ್, ಪ್ರಿನ್ಸಿಪಾಲ್ ಹತ್ರ ಅಲ್ಲ, ಪಾಸ್ಟರ್ ಹತ್ರ ಮಾತಾಡಬೇಕಿತ್ತು.” ಪ್ರಾರ್ಥನೆ ಬರುತ್ತಿಲ್ಲ, ತಿಂಗಳುಗಳಿಂದ. ಓದಿದ್ದು ಯಾವುದೂ ನಿಜ ಅನ್ನಿಸುತ್ತಿಲ್ಲ. ಅವನು ಮಾತಾಡುತ್ತಿರುವಾಗ ನನ್ನ ಮೇಜಿನ ಮೇಲೆ ಅವನನ್ನು ಕರೆಯಲಿರುವ ಸಭೆಯಿಂದ ಬಂದ ಫಾರಂ ಬಿದ್ದಿರುತ್ತದೆ. ಅದರಲ್ಲೊಂದು ಸಾಲು: ‘ಅಭ್ಯರ್ಥಿಯ ವಿಶ್ವಾಸ ಸ್ಥಿರವಾಗಿದೆಯೇ? ಹೌದು / ಇಲ್ಲ.’ ಪಕ್ಕದಲ್ಲಿ ಸಹಿಗೆ ಜಾಗ, ಕೆಳಗೆ ಪ್ರಾಂಶುಪಾಲರ ಸೀಲು. ಸಭಾಪಾಲಕನಾಗಿ ಕೇಳಿದ್ದನ್ನು ಪ್ರಾಂಶುಪಾಲನಾಗಿ ಮರೆಯಲು ಯಾರಿಂದಲೂ ಆಗುವುದಿಲ್ಲ. ಒಂದು ತಲೆಯಲ್ಲಿ ಎರಡು ಬೀರು ಇರುವುದಿಲ್ಲ. ನಾನು ಮಾಡುವುದು ಇಷ್ಟು: ಅಂಥ ಹುಡುಗ ಬಂದಾಗ, ಮಾತು ಶುರು ಮಾಡುವ ಮೊದಲೇ ತಡೆದು, “ಕೂತ್ಕೊ. ಆದರೆ ನಿನ್ನ ಫಾರಂ ಇನ್ನು ನಾನು ತುಂಬುವುದಿಲ್ಲ, ಅದನ್ನು ಬೇರೆ ಮೇಷ್ಟ್ರಿಗೆ ಕೊಡ್ತೀನಿ. ಅವರು ನನ್ನನ್ನು ಏನೂ ಕೇಳೋದಿಲ್ಲ. ಈಗ ಹೇಳು” ಅನ್ನುತ್ತೇನೆ. ಹುಡುಗರಿಗೆ ಇದರಿಂದ ಆಗುವ ನಿರಾಳ ಮುಖದಲ್ಲೇ ಕಾಣುತ್ತದೆ. ಇದು ಒಬ್ಬರ ಒಳ್ಳೆಯತನಕ್ಕೆ ಬಿಟ್ಟ ವಿಷಯವಾಗಬಾರದು, ಕಾಲೇಜಿನ ನಿಯಮಾವಳಿಯಲ್ಲೇ ಬರೆದಿರಬೇಕು ಎನ್ನುವುದು ನನ್ನ ವಾದ.

ಆಡಳಿತದಲ್ಲಿದ್ದೂ ಸಭಾಪಾಲಕನ ಧ್ವನಿ ಉಳಿಸಿಕೊಂಡವರಿಲ್ಲವೆಂದಲ್ಲ. ಬೆಂಜಮಿನ್ ಮೇಸ್ 1940ರಿಂದ 1967ರವರೆಗೆ ಅಟ್ಲಾಂಟಾದ ಮೋರ್‌ಹೌಸ್ ಕಾಲೇಜಿನ ಅಧ್ಯಕ್ಷರು, ಬ್ಯಾಪ್ಟಿಸ್ಟ್ ಸೇವಕರು. ದುಡ್ಡಿನ ವಿಷಯದಲ್ಲಿ ಎಷ್ಟು ಬಿಗಿಯೋ, ಮಂಗಳವಾರ ಬೆಳಗಿನ ಚಾಪೆಲ್ ಮಾತಿನ ವಿಷಯದಲ್ಲೂ ಅಷ್ಟೇ ಬಿಗಿ, ಅದನ್ನು ಬಿಟ್ಟುಕೊಡಲಿಲ್ಲ. 1944ರಲ್ಲಿ ಹದಿನೈದನೇ ವಯಸ್ಸಿಗೆ ಅಲ್ಲಿ ಸೇರಿದ ಮಾರ್ಟಿನ್ ಲೂಥರ್ ಕಿಂಗ್ ಆ ಮಾತು ಮುಗಿದ ಮೇಲೆ ಚರ್ಚೆಗೆಂದು ಅವರ ಆಫೀಸಿನವರೆಗೂ ಹಿಂಬಾಲಿಸುತ್ತಿದ್ದರು. 1968ರಲ್ಲಿ ಕಿಂಗ್ ಅವರ ಶವಸಂಸ್ಕಾರದ ದಿನ ಮಾತಾಡಿದವರು ಮೇಸ್. ವಾರಕ್ಕೊಂದು ಗಂಟೆ, ಕ್ಯಾಲೆಂಡರಿನಲ್ಲಿ ಕೆಂಪು ಗೆರೆ ಎಳೆದು ಕಾಪಾಡಿಕೊಂಡದ್ದು.

ಮತ್ತೆ ಬ್ರಿಸ್ಟಲ್‌ಗೆ ಬರುತ್ತೇನೆ. ಜಾನ್ ರೈಲಂಡ್ 1793ರಿಂದ 1825ರವರೆಗೆ ಬ್ರಾಡ್‌ಮೀಡ್‌ನ ಸಭಾಪಾಲಕರೂ ಅಕಾಡೆಮಿಯ, ಅಂದರೆ ಅದೇ ಬ್ರಿಸ್ಟಲ್ ಕಾಲೇಜಿನ, ಅಧ್ಯಕ್ಷರೂ ಆಗಿದ್ದರು. ಜೊತೆಗೆ ಮಿಷನರಿ ಸೊಸೈಟಿಯ ಕೆಲಸ ಬೇರೆ. (1783ರಲ್ಲಿ ನೆನ್ ನದಿಯಲ್ಲಿ, ಮುಂದೆ ಮಿಷನರಿಯಾಗಿ ಭಾರತಕ್ಕೆ ಬಂದ ವಿಲಿಯಂ ಕೇರಿಗೆ ದೀಕ್ಷಾಸ್ನಾನ ಕೊಟ್ಟವರು ಇವರೇ.) ಅವರು ತೀರಿಕೊಂಡ ಮೇಲೆ ಬ್ರಿಸ್ಟಲಿನವರು ಅದೇ ಹೊರೆಯನ್ನು ಇನ್ನೊಬ್ಬರ ಮೇಲೆ ಹೊರಿಸಲಿಲ್ಲ. ಸಭೆಗೆ ರಾಬರ್ಟ್ ಹಾಲ್ ಬಂದರು, ಕೆಸರಿನ ಮಾತು ಆಡಿದವರೇ. ಕಾಲೇಜಿಗೆ ಥಾಮಸ್ ಕ್ರಿಸ್ಪ್. ಟೆರಿಲ್ ಕೂಡಿಸಿದ್ದನ್ನು ಸುಮಾರು ಒಂದೂವರೆ ಶತಮಾನದ ಮೇಲೆ ಬೇರೆ ಮಾಡಿದರು. ಇದು ಸೋಲು ಎಂದು ಕೆಲವರು ಬರೆಯುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಹನ್ನೆರಡು ಹುಡುಗರ ಮನೆಪಾಠ ಒಂದು ಸಂಸ್ಥೆಯಾಗಿ ಬೆಳೆದ ಮೇಲೆ ಅದಕ್ಕೆ ಪೂರ್ಣಾವಧಿಯ ಯಜಮಾನ ಬೇಕೇ ಬೇಕು.

ಆದರೆ ಯಜಮಾನನಿಗೂ ಒಂದು ಸಭೆ ಬೇಕು, ತಾನು ಯಜಮಾನನಲ್ಲದ ಸಭೆ. ನಾನು ಪ್ರಾಂಶುಪಾಲರಿಗೆಲ್ಲ ಹೇಳುವುದು ಇದನ್ನೇ: ನಿಮ್ಮ ವಿದ್ಯಾರ್ಥಿಗಳು, ಸಿಬ್ಬಂದಿ ಇರುವ ಸಭೆಗೆ ಸಭಾಪಾಲಕರಾಗಬೇಡಿ. ಎಲ್ಲರೂ ನಿಮ್ಮನ್ನು ‘ಸರ್’ ಎನ್ನುವ ಕಡೆ ಸಭಾಕೂಟ ನಡೆಯುವುದಿಲ್ಲ, ಸ್ಟಾಫ್ ಮೀಟಿಂಗ್ ನಡೆಯುತ್ತದೆ. ನಿಮ್ಮ ಹುದ್ದೆಯ ಹಂಗಿಲ್ಲದ ಚಿಕ್ಕ ಸಭೆಯೊಂದನ್ನು ಹುಡುಕಿ. ಅಲ್ಲಿ ತಿಂಗಳಿಗೆ ಎರಡು ಪ್ರಸಂಗ ಮಾಡಿ, ರೋಗಿಗಳನ್ನು ನೋಡಲು ಹೋಗಿ, ಕೂಟದಲ್ಲಿ ಕೂತು ನಿಮ್ಮ ಸಲಹೆ ಓಟಿನಲ್ಲಿ ಬಿದ್ದುಹೋಗುವುದನ್ನು ಕಣ್ಣಾರೆ ನೋಡಿ. ಕುರ್ಚಿ ಸಾಲಿನ ಬಗ್ಗೆಯೋ, ಆರಾಧನೆಯ ಸಮಯದ ಬಗ್ಗೆಯೋ ಇರಲಿ, ಪರವಾಗಿಲ್ಲ. ಸೋಮವಾರ ಕಾಲೇಜಿಗೆ ಬಂದು ಬೋಧಕರೊಬ್ಬರ ಆಕ್ಷೇಪಣೆಯನ್ನು ಕೇಳಿಸಿಕೊಳ್ಳುವಾಗ ನಿಮ್ಮ ಕಿವಿ ಬೇರೆಯಾಗಿರುತ್ತದೆ.

ಮಾತು ಮುಗಿದ ಮೇಲೆ ಬಂದ ಪ್ರಶ್ನೆಗಳಲ್ಲಿ ಎರಡನ್ನು ಇಲ್ಲಿ ಸೇರಿಸುತ್ತೇನೆ.

ಯುವ ಬೋಧಕರೊಬ್ಬರು ಕೇಳಿದರು: “ನಾನು ಸಂಶೋಧನೆ ಮಾಡಬೇಕು, ಪಾಠ ಮಾಡಬೇಕು. ಸಭಾಪಾಲನೆ ಎಲ್ಲರಿಗೂ ಕಡ್ಡಾಯವೇ?” ಇಲ್ಲ. ಆ ಕೆಲಸದ ವರ ಇಲ್ಲದವರನ್ನು ಸಭೆಯ ಮೇಲೆ ಹೇರುವುದು ಸಭೆಗೆ ಮಾಡುವ ಅನ್ಯಾಯ. ಆದರೆ ಸದಸ್ಯತ್ವ ಬೇಕು. ಭಾನುವಾರ ಬೇರೆಯವರ ಪ್ರಸಂಗ ಕೇಳುವ ಅಭ್ಯಾಸ ಬೇಕು, ಅದು ಚೆನ್ನಾಗಿಲ್ಲದಿದ್ದರೂ.

ಇನ್ನೊಂದು ಪ್ರಶ್ನೆ ಹಣದ್ದು. ಕಾಲೇಜಿನ ಸಂಬಳ ಪಡೆಯುವವರಿಗೆ ಸಭೆಯೂ ಸಂಬಳ ಕೊಡಬೇಕೇ? ಇದಕ್ಕೆ ಕಲ್ಕತ್ತೆಯ ಹತ್ತಿರದ ಸೆರಾಂಪುರದ ಉದಾಹರಣೆ ಕೊಟ್ಟೆ. ವಿಲಿಯಂ ಕೇರಿ ಅಲ್ಲಿ ಸಭೆ ನಡೆಸುತ್ತಲೇ 1801ರಲ್ಲಿ ಕಲ್ಕತ್ತೆಯ ಫೋರ್ಟ್ ವಿಲಿಯಂ ಕಾಲೇಜಿನಲ್ಲಿ ತಿಂಗಳಿಗೆ 500 ರೂಪಾಯಿಗೆ ಭಾಷಾಬೋಧಕರಾದರು. (1817ರಲ್ಲಿ ಕನ್ನಡಕ್ಕೊಂದು ವ್ಯಾಕರಣವನ್ನೂ ಬರೆದು ಅಚ್ಚು ಹಾಕಿಸಿದವರು ಅವರು.) ಆ ಸಂಬಳ ಅವರ ಕೈಗಲ್ಲ, ಮಿಷನ್ನಿನ ಸಾಮಾನ್ಯ ನಿಧಿಗೆ ಹೋಗುತ್ತಿತ್ತು. 1818ರಲ್ಲಿ ಕೇರಿ, ಮಾರ್ಷ್‌ಮನ್, ವಾರ್ಡ್ ಮೂವರೂ ಸೇರಿ ಸೆರಾಂಪುರ ಕಾಲೇಜು ಕಟ್ಟಿದರು. ಜಾತಿ, ಬಣ್ಣ, ದೇಶದ ಕಾರಣಕ್ಕೆ ಯಾರನ್ನೂ ಹೊರಗಿಡಬಾರದು ಎಂದು ಅದರ ನಿಯಮದಲ್ಲೇ ಬರೆದರು. ಇಷ್ಟೆಲ್ಲ ಉದಾರವಾಗಿದ್ದೂ, ಆಸ್ತಿ ಯಾರದು, ಹಣದ ಮೇಲೆ ಹಕ್ಕು ಯಾರದು ಎನ್ನುವ ಜಗಳದಲ್ಲಿ 1827ರಲ್ಲಿ ಅವರೂ ಲಂಡನ್ನಿನ ಮಿಷನರಿ ಸೊಸೈಟಿಯೂ ಬೇರೆಯಾದರು. ಮತ್ತೆ ಒಂದಾಗುವ ಹೊತ್ತಿಗೆ 1837 ಬಂದಿತ್ತು, ಕೇರಿ ತೀರಿಕೊಂಡಿದ್ದರು. ಸಂತರ ನಡುವೆಯೂ ಕಾಗದಪತ್ರ ಸರಿಯಿಲ್ಲದಿದ್ದರೆ ಹೀಗಾಗುತ್ತದೆ. ಆದ್ದರಿಂದ ಸಭೆ ಏನಾದರೂ ಕೊಡಲಿ, ಎಷ್ಟೇ ಕಡಿಮೆಯಾದರೂ ಸರಿ. ಕೊಟ್ಟರೆ ಲೆಕ್ಕ ಕೇಳುವ ಹಕ್ಕು ಅವರಿಗಿರುತ್ತದೆ. ವಾರಕ್ಕೆ ಎಷ್ಟು ದಿನ ಸಭೆಗೆ, ಪರೀಕ್ಷೆಯ ವೇಳೆಯಲ್ಲಿ ಶವಸಂಸ್ಕಾರ ಬಂದರೆ ಯಾರು ನಡೆಸಬೇಕು, ಎಷ್ಟು ವರ್ಷದ ಮೇಲೆ ಈ ಏರ್ಪಾಡನ್ನು ಮತ್ತೆ ಓಟಿಗೆ ಹಾಕಬೇಕು, ಇಷ್ಟನ್ನೂ ಕರೆಯ ಪತ್ರದಲ್ಲೇ ಬರೆಸಿ, ಕಾಲೇಜಿನ ಆಡಳಿತ ಮಂಡಳಿಗೂ ಒಂದು ಪ್ರತಿ ಕಳಿಸಿ.